ಯುಗಾದಿ ಊಟಕ್ಕೆ ಆಸ್ಪರಾಗಸ್ ಪಲ್ಯ

ಯುಗಾದಿಗೆ ಇನ್ನೊಂದು ವಾರ ಇದ್ದಾಗಿನ ಮಾತು. ಹಬ್ಬದ ಸಾಮಾನು ತರಲೆಂದು ಇಂಡಿಯನ್ ಅಂಗಡಿಗೆ ಹೋಗಿದ್ದೆವು. ಮಾವಿನಕಾಯಿ, ಬೆಲ್ಲ, ತೊಗರಿಬೇಳೆ ಎಲ್ಲ ಸಿಕ್ಕಿತು. ಪಲ್ಯಕ್ಕೆಂದು ಹುರುಳಿಕಾಯಿ ನೋಡಿದರೆ ಬಾಡಿ ಮೆತ್ತಗಾಗಿತ್ತು. ಮುರಿದರೆ ಮುರಿಯಲಿಲ್ಲ, ಬಗ್ಗಿತು. ನುಗ್ಗೆಕಾಯಿ ಫ್ರೀಜರಿನೊಳಗೆ ಮಂಜುಗಡ್ಡೆಯ ಕಂಬಳಿ ಹೊದ್ದು ಮಲಗಿತ್ತು. ಬರುವ ದಾರಿಯಲ್ಲಿ ಹಾಲಿಗೆಂದು ಅಮೆರಿಕನ್ ಅಂಗಡಿಗೆ ಹೊಕ್ಕರೆ, ಬಾಗಿಲ ಬಳಿಯೇ ನೀರು ನಿಲ್ಲಿಸಿದ ತಟ್ಟೆಯಲ್ಲಿ ಆಸ್ಪರಾಗಸ್ ಕಂತೆ ಕಂತೆಯಾಗಿ ಎದ್ದು ನಿಂತಿತ್ತು. ನಾನು ಎಂದಿನಂತೆ ದಾಟಿ ಮುಂದೆ ಹೋಗುತ್ತಿದ್ದೆ. ಆ ಭಾನುವಾರವಷ್ಟೇ ಕನ್ನಡ ತರಗತಿಯಲ್ಲಿ ತರಕಾರಿಗಳ ಹೆಸರು ಕಲಿತಿದ್ದ ಮಗಳು ಕೈ ಹಿಡಿದು ನಿಲ್ಲಿಸಿದಳು. "ಅಮ್ಮ, ಇದಕ್ಕೆ ಕನ್ನಡದಲ್ಲಿ ಏನಂತಾರೆ?"

ನನಗೆ ಗೊತ್ತಿರಲಿಲ್ಲ. ಜೊತೆಗಿದ್ದ ಅತ್ತೆಯವರು ಊರಿನಿಂದ ಬಂದು ಒಂದು ತಿಂಗಳಾಗಿತ್ತು. ಅವರು ಒಂದು ಕಂತೆ ಎತ್ತಿ ತಿರುಗಿಸಿ ನೋಡಿ, "ಹೆಸರು ಏನಾದರೂ ಇರಲಿ, ಇದು ಕುಡಿ. ಕುಡಿ ಅಂದಮೇಲೆ ತಂಬುಳಿ ಆಗಲೇಬೇಕು" ಎಂದು ಬುಟ್ಟಿಗೆ ಹಾಕಿದರು. ಸಾಗರದ ಕಡೆಯವರು, ಚಿಗುರು ಕಂಡರೆ ಸುಮ್ಮನೆ ಬಿಡುವವರಲ್ಲ. ಈ ಲೇಖನಕ್ಕೆ ಆ ಕಂತೆಯೇ ಕಾರಣ.

ಮೊದಲು ಹೆಸರಿನ ವಿಷಯ. ಆಸ್ಪರಾಗಸ್‌ಗೆ ಕನ್ನಡದಲ್ಲಿ ರೂಢಿಯ ಹೆಸರಿಲ್ಲ, ಏಕೆಂದರೆ ನಮ್ಮಲ್ಲಿ ಅದನ್ನು ಬೆಳೆದು ಉಣ್ಣುವ ರೂಢಿ ಇರಲಿಲ್ಲ. ಆದರೆ ಅದರ ಖಾಸಾ ನೆಂಟ ನಮ್ಮ ಕಾಡು, ಬೇಲಿಗಳಲ್ಲೇ ಇದೆ. ಅದೇ ಶತಾವರಿ. ಅಂಗಡಿಯ ತರಕಾರಿಯ ಶಾಸ್ತ್ರೀಯ ಹೆಸರು ಆಸ್ಪರಾಗಸ್ ಅಫಿಸಿನಾಲಿಸ್, ಶತಾವರಿಯದು ಆಸ್ಪರಾಗಸ್ ರೆಸಿಮೋಸಸ್. ಅಂದರೆ ಮನೆತನದ ಹೆಸರು ಒಂದೇ, ಇಟ್ಟ ಹೆಸರು ಬೇರೆ. ಶತಾವರಿ ಮುಳ್ಳಿರುವ ಬಳ್ಳಿ. ಅಗೆದರೆ ಬುಡದಲ್ಲಿ ಬೆರಳಿನಂಥ ಬೇರುಗಳು ಗೊಂಚಲು ಗೊಂಚಲಾಗಿ ಸಿಗುತ್ತವೆ. ತಾಯಿಯ ಸುತ್ತ ಮುತ್ತಿಕೊಂಡ ಮಕ್ಕಳ ಹಾಗೆ ಕಾಣುವುದರಿಂದ ನಮ್ಮ ಹಳ್ಳಿಗಳಲ್ಲಿ ಅದಕ್ಕೆ 'ಹಲವು ಮಕ್ಕಳ ತಾಯಿ ಬೇರು' ಎಂಬ ಹೆಸರು. ಇದಕ್ಕಿಂತ ಒಳ್ಳೆಯ ಗಿಡದ ಹೆಸರನ್ನು ನಾನಂತೂ ಕೇಳಿಲ್ಲ. ಬಾಣಂತಿಯರಿಗೆ ಕೊಡುವ ಶತಾವರಿ ಲೇಹ್ಯ ಈ ಬೇರಿನಿಂದಲೇ ಆಗುವುದು. ಹಾಗೆಂದು ಆಸ್ಪರಾಗಸ್ ತಿಂದರೆ ಲೇಹ್ಯ ತಿಂದ ಫಲ ಬರುತ್ತದೆ ಎಂದು ಯಾರೂ ತಿಳಿಯಬೇಡಿ. ಅಲ್ಲಿ ಉಪಯೋಗಿಸುವುದು ಬೇರು, ಇಲ್ಲಿ ತಿನ್ನುವುದು ಕುಡಿ, ಗಿಡವೂ ಬೇರೆ. ನೆಂಟಸ್ತಿಕೆ ಅಷ್ಟೇ.

ಈ ಮನೆತನದ ಇನ್ನೂ ಕೆಲವರನ್ನು ನೀವು ದಿನವೂ ನೋಡುತ್ತೀರಿ. ಆಸ್ಟಿನ್ನಿನ ಪಶ್ಚಿಮಕ್ಕೆ ಗುಡ್ಡಗಳ ಕಡೆ ಕಾರಿನಲ್ಲಿ ಹೋದರೆ ದಾರಿಯುದ್ದಕ್ಕೂ ಕಾಣುವ ಕತ್ತಿಯಂಥ ಎಲೆಯ ಯಕ್ಕಾ, ನಮ್ಮೂರ ಹೊಲದ ಬದುವಿನ ಕತ್ತಾಳೆ, ಮನೆಯ ಮೂಲೆಯಲ್ಲಿ ಕುಂಡದಲ್ಲಿಡುವ ಸ್ನೇಕ್ ಪ್ಲಾಂಟ್, ಇವೆಲ್ಲ ಈಗಿನ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಆಸ್ಪರಾಗಸ್ ಕುಟುಂಬಕ್ಕೇ ಸೇರಿದವು. ಕತ್ತಾಳೆಯಿಂದ ಹಗ್ಗ ಹೊಸೆಯುವ ನಾರು ಬರುತ್ತದೆ. ಆಸ್ಪರಾಗಸ್ ಬುಡದಲ್ಲೂ ನಾರು ಇದೆ, ಅದು ಅಡುಗೆಯವರಿಗೆ ಚೆನ್ನಾಗಿ ಗೊತ್ತು.

ಮಗಳ ಪ್ರಶ್ನೆಗೆ ಕೊನೆಗೆ ನಾವು ಮನೆಯಲ್ಲಿ ಇಟ್ಟುಕೊಂಡ ಉತ್ತರ 'ಶತಾವರಿ ಕುಡಿ'. ಕುಡಿ ಎಂದರೆ ಎಳೆಯ ಚಿಗುರು, ತುದಿ. ನೀರು ಕುಡಿ ಎನ್ನುವಾಗಲೂ ಅದೇ ಪದ, ವಂಶದ ಕುಡಿ ಎನ್ನುವಾಗಲೂ ಅದೇ ಪದ. ಕನ್ನಡ ಕಲಿಯುವ ಮಕ್ಕಳಿಗೆ ಒಂದೇ ಕಂತೆಯಲ್ಲಿ ಮೂರು ಅರ್ಥ!

ಈಗ ಅಂಗಡಿಗೆ ಬರೋಣ. ಟೆಕ್ಸಸ್‌ನಲ್ಲಿ ವಸಂತ ಬೇಗ ಬರುತ್ತದೆ. ಮಾರ್ಚ್ ಕೊನೆಯ ಹೊತ್ತಿಗೆ ರಸ್ತೆ ಬದಿಯಲ್ಲಿ ಬ್ಲೂಬಾನೆಟ್ ಅರಳಿ, ಎಲ್ಲರ ಮೂಗಿನಲ್ಲೂ ಪರಾಗದ ಕಾಟ ಶುರುವಾಗಿ, ಡಲ್ಲಾಸ್‌ನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ನಿನ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘಗಳವರು ಯುಗಾದಿಯ ಸಿದ್ಧತೆಯಲ್ಲಿರುವಾಗ ಆಸ್ಪರಾಗಸ್‌ನ ಕಾಲವೂ ಬಂದಿರುತ್ತದೆ. ಈಸ್ಟರ್ ಹಬ್ಬದ ಊಟಕ್ಕೆ ಇಲ್ಲಿಯವರಿಗೆ ಅದು ಬೇಕೇ ಬೇಕು, ಹಾಗಾಗಿ ಆ ದಿನಗಳಲ್ಲಿ ಬೆಲೆಯೂ ಇಳಿಯುತ್ತದೆ. ಆದರೆ ಅಂಗಡಿಯಲ್ಲಿ ಸಿಗುವುದು ಟೆಕ್ಸಸ್‌ನ ಬೆಳೆ ಎಂದುಕೊಳ್ಳಬೇಡಿ. ಕಂತೆಗೆ ಸುತ್ತಿದ ಪಟ್ಟಿಯನ್ನು ಮಕ್ಕಳ ಕೈಲಿ ಓದಿಸಿ. ಚಳಿಗಾಲದ ಕೊನೆ ಮತ್ತು ವಸಂತದ ಮೊದಲಲ್ಲಿ ಬರುವುದು ಹೆಚ್ಚಾಗಿ ಮೆಕ್ಸಿಕೋದಿಂದ. ಅಲ್ಲಿನ ಸೊನೋರಾ ರಾಜ್ಯದ ಕಬೋರ್ಕಾ ಪ್ರದೇಶ ಇದಕ್ಕೆ ಹೆಸರುವಾಸಿ. ಮೇ ತಿಂಗಳ ಹೊತ್ತಿಗೆ ವಾಷಿಂಗ್ಟನ್, ಮಿಶಿಗನ್ ರಾಜ್ಯಗಳದ್ದು ಬರುತ್ತದೆ. ಶರತ್ಕಾಲದಲ್ಲಿ ಕಾಣುವುದು ಪೆರು ದೇಶದ್ದು. ವರ್ಷವಿಡೀ ಸಿಗುತ್ತದೆ ನಿಜ, ರುಚಿ ಮಾತ್ರ ವರ್ಷವಿಡೀ ಒಂದೇ ಅಲ್ಲ.

ಏಕೆ ಅಲ್ಲ ಎನ್ನುವುದೇ ಈ ತರಕಾರಿಯ ಮುಖ್ಯ ಪಾಠ. ಆಲೂಗಡ್ಡೆಯನ್ನು ಕಿತ್ತರೆ ಅದು ನಿದ್ದೆ ಹೋಗುತ್ತದೆ, ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಆಸ್ಪರಾಗಸ್ ಹಾಗಲ್ಲ. ಅದು ಗಿಡದ ಅತ್ಯಂತ ಅವಸರದ ಭಾಗ. ಹದವಾದ ಬಿಸಿಲಿದ್ದರೆ ಒಂದೇ ದಿನದಲ್ಲಿ ಅರ್ಧ ಅಡಿ ಬೆಳೆಯಬಲ್ಲ ಚಿಗುರು ಅದು. ಕತ್ತರಿಸಿದ ಮೇಲೂ ಆ ಅವಸರ ನಿಲ್ಲುವುದಿಲ್ಲ. ತನ್ನೊಳಗಿನ ಸಕ್ಕರೆಯನ್ನೇ ಸುಡುತ್ತಾ ಉಸಿರಾಡುತ್ತಲೇ ಇರುತ್ತದೆ, ಬುಡದ ಕಡೆಯಿಂದ ನಾರು ಬಲಿಯುತ್ತಲೇ ಹೋಗುತ್ತದೆ. ನಾವು ತಿನ್ನುವ ತರಕಾರಿಗಳಲ್ಲಿ ಇಷ್ಟು ಜೋರಾಗಿ ಉಸಿರಾಡುವವು ಬಹಳ ಇಲ್ಲ. ಹಾಗಾಗಿ ಮೊದಲ ದಿನದ ಸಿಹಿ ನಾಲ್ಕನೆಯ ದಿನ ಇರುವುದಿಲ್ಲ. ತಣ್ಣಗಿಟ್ಟರೆ ಉಸಿರು ನಿಧಾನವಾಗುತ್ತದೆ. ಅಷ್ಟು ಮಾತ್ರ ನಮ್ಮ ಕೈಲಿರುವುದು.

ಕೊಳ್ಳುವಾಗ ತುದಿ ನೋಡಿ. ಮೊಗ್ಗಿನಂತೆ ಬಿಗಿಯಾಗಿ ಮುಚ್ಚಿಕೊಂಡಿರಬೇಕು. ಬಿಚ್ಚಿಕೊಂಡು ಜೊಂಪೆಯಾಗಿದ್ದರೆ ಹಳತು, ಮೂಸಿ ನೋಡಿದರೆ ಹುಳಿ ವಾಸನೆ ಬಂದರೆ ಇನ್ನೂ ಹಳತು. ಎರಡು ಕಡ್ಡಿಗಳನ್ನು ಒಂದಕ್ಕೊಂದು ಉಜ್ಜಿದರೆ ಕಿರ್ ಎನ್ನಬೇಕು. ಬುಡದ ಕೊಯ್ದ ಜಾಗ ಒಣಗಿ ಬಿಳಿಚಿ ಬಿರುಕು ಬಿಟ್ಟಿದ್ದರೆ ಬಿಟ್ಟುಬಿಡಿ. ತೆಳ್ಳಗಿರುವುದು ಎಳೆಯದು, ದಪ್ಪಗಿರುವುದು ಬಲಿತದ್ದು ಎಂದು ನಾನು ಬಹಳ ದಿನ ನಂಬಿದ್ದೆ. ಬೆಂಡೆಕಾಯಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತೆಳ್ಳಗೆ ಹುಟ್ಟಿದ್ದು ತೆಳ್ಳಗೇ ಇರುತ್ತದೆ, ದಪ್ಪಗೆ ಹುಟ್ಟಿದ್ದು ದಪ್ಪಗೇ ಬೆಳೆಯುತ್ತದೆ. ಅದು ಬುಡದ ಶಕ್ತಿಯ ಪ್ರಶ್ನೆ, ವಯಸ್ಸಿನದಲ್ಲ. ಪಲ್ಯಕ್ಕೆ ನನಗೆ ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪಗಿರುವುದೇ ಇಷ್ಟ.

ಮನೆಗೆ ತಂದ ಮೇಲೆ ಹೂವಿನಂತೆ ನೋಡಿಕೊಳ್ಳಿ. ಬುಡವನ್ನು ಅರ್ಧ ಇಂಚು ಕತ್ತರಿಸಿ, ಒಂದು ಲೋಟದಲ್ಲಿ ಒಂದಿಂಚು ನೀರು ಹಾಕಿ ಅದರಲ್ಲಿ ನಿಲ್ಲಿಸಿ, ಮೇಲೆ ಪ್ಲಾಸ್ಟಿಕ್ ಚೀಲ ಸಡಿಲವಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮೂರು ದಿನ ಧಾರಾಳವಾಗಿ ಇರುತ್ತದೆ. ವಾರಾಂತ್ಯಕ್ಕೆ ಬೇಕೆಂದು ಹಿಂದಿನ ಸೋಮವಾರವೇ ತಂದಿಟ್ಟರೆ ಅದು ಆಸ್ಪರಾಗಸ್ ಅಲ್ಲ, ಬರೀ ಕಡ್ಡಿ.

ಅಡುಗೆಯ ವಿಷಯದಲ್ಲಿ ನನ್ನ ಮೊದಲ ಅನುಭವವನ್ನು ಮುಚ್ಚಿಡುವುದಿಲ್ಲ. ಹಲವು ವರ್ಷಗಳ ಹಿಂದೆ ಹೊಸ ತರಕಾರಿಯ ಹುರುಪಿನಲ್ಲಿ ಒಂದು ಕಂತೆ ತಂದು, ಹೆಚ್ಚಿ, ಬೇಳೆಯ ಜೊತೆ ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿದೆ. ತೆಗೆದು ನೋಡಿದರೆ ಪಾಚಿ ಬಣ್ಣದ ಗೊಜ್ಜು, ಅದರೊಳಗೆ ದಾರದಂಥ ನಾರು, ಮನೆಯೆಲ್ಲ ಬೆಂದ ಕೋಸಿನ ಗಬ್ಬು. ನಮ್ಮವರು ತುಟಿ ಪಿಟಕ್ಕೆನ್ನದೆ ಉಂಡರು. ಮರುದಿನ ನಾನೇ ಉಳಿದದ್ದನ್ನು ಚೆಲ್ಲಿದೆ. 'ಇದು ನಮ್ಮ ಊಟಕ್ಕೆ ಒಗ್ಗುವ ತರಕಾರಿ ಅಲ್ಲ' ಎಂದು ತೀರ್ಮಾನಿಸಿ ವರ್ಷಗಟ್ಟಲೆ ಅದರ ಪಕ್ಕದಲ್ಲೇ ಓಡಾಡಿದೆ. ತಪ್ಪು ತರಕಾರಿಯದಲ್ಲ, ಕುಕ್ಕರಿನದು. ಇನ್ನೂ ನೇರವಾಗಿ ಹೇಳಬೇಕೆಂದರೆ ನನ್ನದು.

ಕುಡಿಗೆ ಬೇಕಾದದ್ದು ಜೋರು ಉರಿ, ಸ್ವಲ್ಪ ಹೊತ್ತು. ರೋಮಿನ ಚಕ್ರವರ್ತಿ ಅಗಸ್ಟಸ್, ಯಾವುದಾದರೂ ಕೆಲಸ ಬಹಳ ಬೇಗ ಮುಗಿಯಿತು ಎನ್ನಬೇಕಾದರೆ ಆಸ್ಪರಾಗಸ್ ಬೇಯುವ ಹೊತ್ತಿಗೆ ಹೋಲಿಸುತ್ತಿದ್ದನೆಂದು ಇತಿಹಾಸಕಾರ ಸ್ಯುಟೋನಿಯಸ್ ಬರೆದಿಟ್ಟಿದ್ದಾನೆ. ಎರಡು ಸಾವಿರ ವರ್ಷದ ಹಿಂದಿನವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಹೆಚ್ಚು ಹೊತ್ತು ಬೇಯಿಸಿದರೆ, ಅಥವಾ ಬೇಯುವಾಗಲೇ ಹುಳಿ ಹಾಕಿದರೆ, ಪತ್ರಹರಿತ್ತಿನ ನಡುವೆ ಕುಳಿತ ಮೆಗ್ನೀಶಿಯಂ ಜಾರಿಹೋಗಿ ಹಸಿರು ಬಣ್ಣ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಮುಚ್ಚಳ ಮುಚ್ಚಿದರೂ ತರಕಾರಿಯಿಂದ ಬಿಡುಗಡೆಯಾದ ಹುಳಿ ಅಂಶ ಹಬೆಯೊಡನೆ ಹೊರಗೆ ಹೋಗದೆ ಅಲ್ಲೇ ಉಳಿಯುತ್ತದೆ. ಅಜ್ಜಿಯಂದಿರು ಸೊಪ್ಪಿನ ಪಲ್ಯಕ್ಕೆ ತಟ್ಟೆ ಮುಚ್ಚಬೇಡ ಎನ್ನುತ್ತಿದ್ದುದು ಇದಕ್ಕೇ. ತರಕಾರಿ ಹೊಸದು, ಹದ ಮಾತ್ರ ನಮಗೆ ಗೊತ್ತಿದ್ದದ್ದೇ.

ಪಲ್ಯಕ್ಕೆ ಒಂದು ಪೌಂಡಿನ ಕಂತೆ ನಾಲ್ಕು ಜನಕ್ಕೆ ಸರಿಹೋಗುತ್ತದೆ. ತೊಳೆದು, ಒಂದೊಂದೇ ಕಡ್ಡಿಯ ಎರಡು ತುದಿ ಹಿಡಿದು ಬಗ್ಗಿಸಿದರೆ ಬಲಿತ ಭಾಗ ಎಲ್ಲಿ ಮುಗಿಯುತ್ತದೋ ಸುಮಾರು ಅಲ್ಲಿಗೆ ಟಕ್ ಎಂದು ಮುರಿಯುತ್ತದೆ. ಈ ಕೆಲಸ ಮಕ್ಕಳಿಗೆ ಬಿಡಿ. ಐದು ವರ್ಷದ ಮಗುವೂ ಮಾಡಬಹುದು, ಆ ಸದ್ದಿಗಾಗಿಯೇ ಇನ್ನೊಂದು ಕಂತೆ ಇದೆಯಾ ಎಂದು ಕೇಳುತ್ತಾರೆ. ತುಂಡಾದ ಬುಡಗಳನ್ನು ಎಸೆಯಬೇಡಿ, ಅದರ ಸಂಗತಿ ಮುಂದೆ ಇದೆ. ಎಳೆಯ ಭಾಗವನ್ನು ಹುರುಳಿಕಾಯಿಯಂತೆ ಅರ್ಧ ಇಂಚಿಗೆ ಹೆಚ್ಚಿ, ತುದಿಗಳನ್ನು ಮಾತ್ರ ಉದ್ದಕ್ಕೇ ಬಿಟ್ಟು ಬೇರೆ ತಟ್ಟೆಯಲ್ಲಿಡಿ. ಅಗಲವಾದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಅರ್ಧ ಚಮಚ ಸಾಸಿವೆ ಸಿಡಿದ ಮೇಲೆ ಒಂದೊಂದು ಚಮಚ ಉದ್ದಿನಬೇಳೆ, ಕಡಲೆಬೇಳೆ, ಎರಡು ಮುರಿದ ಬ್ಯಾಡಗಿ ಮೆಣಸಿನಕಾಯಿ, ಚಿಟಿಕೆ ಇಂಗು, ಒಂದು ಎಸಳು ಕರಿಬೇವು ಹಾಕಿ. ಬೇಳೆ ಕೆಂಪಗಾದ ತಕ್ಷಣ ಹೆಚ್ಚಿದ ದಂಟು, ಉಪ್ಪು ಹಾಕಿ, ಉರಿ ಜೋರು ಮಾಡಿ ಎರಡು ನಿಮಿಷ ಕೈಯಾಡಿಸಿ. ತಳ ಹಿಡಿಯುವಂತಿದ್ದರೆ ಎರಡು ಚಮಚ ನೀರು ಚಿಮುಕಿಸಿ. ಆಮೇಲೆ ತುದಿಗಳನ್ನು ಹಾಕಿ ಇನ್ನೆರಡು ನಿಮಿಷ. ಹಲ್ಲಿಗೆ ಸಿಕ್ಕರೆ ಸ್ವಲ್ಪ ಕರುಂ ಎನ್ನುವಂತಿರುವಾಗಲೇ ಒಲೆ ಆರಿಸಿ, ಮೂರು ಚಮಚ ತೆಂಗಿನತುರಿ ಬೆರೆಸಿಬಿಡಿ. ನಿಂಬೆಹಣ್ಣು ಬೇಕಾದವರು ತಟ್ಟೆಯಲ್ಲಿ ಹಿಂಡಿಕೊಳ್ಳಲಿ, ಬಾಣಲೆಯಲ್ಲಿ ಬೇಡ. ಅರಿಸಿನ ನಾನು ಹಾಕುವುದಿಲ್ಲ, ಆ ಹಸಿರು ಕಣ್ಣಿಗೆ ಕಾಣಲಿ ಎಂದು. ಒಗ್ಗರಣೆಯಿಂದ ಇಳಿಸುವವರೆಗೆ ಏಳೆಂಟು ನಿಮಿಷ. ಅನ್ನ, ಸಾರು ಮೊದಲೇ ಆಗಿರಲಿ. ಎಲ್ಲರೂ ಕೈ ತೊಳೆದು ಕೂತ ಮೇಲೆ ಪಲ್ಯಕ್ಕೆ ಒಗ್ಗರಣೆ ಹಾಕಿ. ನಮ್ಮ ಮನೆಯಲ್ಲಿ ಒಬ್ಬರು ಆರಕ್ಕೆ, ಒಬ್ಬರು ಏಳೂವರೆಗೆ ಉಣ್ಣುತ್ತಿದ್ದೆವು. ಕಾದರೆ ಕೆಡುವ ಈ ಪಲ್ಯದಿಂದಾಗಿ ವಾರಕ್ಕೊಂದು ದಿನವಾದರೂ ಒಟ್ಟಿಗೆ ಕೂರುವಂತಾಯಿತು.

ಈಗ ಆ ಬುಡಗಳು. ಒಂದು ಕಂತೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚೇ ಹೀಗೆ ಮುರಿದು ಹೋಗುತ್ತದೆ. ಇಲ್ಲಿನ ಅಡುಗೆ ಪುಸ್ತಕಗಳಲ್ಲಿ ಅದನ್ನು ಎಸೆಯಿರಿ ಎಂದೋ, ಹೆಚ್ಚೆಂದರೆ ಸೂಪಿಗೆ ಕುದಿಸಿ ಎಂದೋ ಇರುತ್ತದೆ. ಅತ್ತೆಯವರಿಗೆ ಎಸೆಯುವುದೆಂದರೆ ಆಗದು. ಮಲೆನಾಡಿನಲ್ಲಿ ಬೇಸಿಗೆಯ ಮೊದಲ ಮಳೆ ಬಿದ್ದು ಬೇಲಿ, ಮರಗಳೆಲ್ಲ ಚಿಗುರಿದಾಗ ಅಲ್ಲಿಷ್ಟು ಇಲ್ಲಿಷ್ಟು ಕುಡಿ ಚಿವುಟಿ ತಂದು, ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ಕುಡಿ ತಂಬುಳಿ ಮಾಡುತ್ತಾರೆ. ಊಟಕ್ಕೆ ಮೊದಲ ತುತ್ತು ಅದರದ್ದೇ. ಯಾವ ಯಾವ ಕುಡಿ ಸೇರಬೇಕೆಂಬುದಕ್ಕೆ ಮನೆಮನೆಗೂ ಬೇರೆ ಲೆಕ್ಕ. ನಮ್ಮ ಅಡುಗೆಮನೆಗೆ ಬಂದ ಹೊಸದರಲ್ಲಿ ಅತ್ತೆಯವರು ಗ್ಯಾಸಿಲ್ಲದ ಒಲೆ, ಗುರುತಿಲ್ಲದ ತರಕಾರಿ, ಓದಲಾಗದ ಡಬ್ಬಿಗಳ ನಡುವೆ ಕೈ ಕಟ್ಟಿಕೊಂಡು ಕುಳಿತಿರುತ್ತಿದ್ದರು. "ನಾನು ಏನು ಮಾಡಲೇ?" ಎಂದು ಕೇಳುವುದು, "ನೀವು ಸುಮ್ಮನೆ ಕೂತ್ಕೊಳಿ ಅತ್ತೆ" ಎಂದು ನಾನು ಹೇಳುವುದು. ಒಳ್ಳೆಯದಕ್ಕೇ ಹೇಳುತ್ತಿದ್ದೆ. ಅದರಿಂದ ಅವರಿಗೆ ಆಗುತ್ತಿದ್ದ ಬೇಸರ ನನಗೆ ತಿಳಿದದ್ದು, ಆ ದಿನ ಬುಡಗಳನ್ನು ಮುಂದಿಟ್ಟುಕೊಂಡು ಮೊಮ್ಮಗಳಿಗೆ "ಮಿಕ್ಸಿ ತಾ, ಜರಡಿ ತಾ" ಎಂದು ಹುಕುಂ ಮಾಡತೊಡಗಿದಾಗ.

ಅವರು ಮಾಡಿದ ಕ್ರಮ ಹೀಗೆ. ಒಂದು ಕಂತೆಯ ಬುಡಗಳನ್ನು ಸಣ್ಣಗೆ ಬಿಲ್ಲೆಯಂತೆ ಹೆಚ್ಚಿ, ಒಂದು ಲೋಟ ನೀರಿನಲ್ಲಿ ಮೆತ್ತಗಾಗುವವರೆಗೆ ಹತ್ತು ಹನ್ನೆರಡು ನಿಮಿಷ ಬೇಯಿಸುವುದು. ಇಲ್ಲಿ ಬಣ್ಣದ ಚಿಂತೆ ಇಲ್ಲ, ಎಷ್ಟು ಬೆಂದರೂ ಸರಿ. ಒಂದು ಚಮಚ ತುಪ್ಪದಲ್ಲಿ ಒಂದು ಚಮಚ ಜೀರಿಗೆ, ಐದಾರು ಕಾಳುಮೆಣಸು ಹುರಿದು, ಬೆಂದ ಬುಡ, ಕಾಲು ಲೋಟ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬುವುದು. ರುಬ್ಬಿದ್ದನ್ನು ಜರಡಿಯಲ್ಲಿ ಸೋಸಲೇಬೇಕು. ಜರಡಿಯ ಮೇಲೆ ಉಳಿಯುವ ನಾರು ನೋಡಿದರೆ ಕತ್ತಾಳೆಯ ನೆಂಟಸ್ತಿಕೆ ಸುಳ್ಳಲ್ಲ ಎಂದು ಗೊತ್ತಾಗುತ್ತದೆ. ಸೋಸಿದ್ದು ಪೂರ್ತಿ ಆರಿದ ಮೇಲೆ ಒಂದೂವರೆ ಲೋಟ ಕಡೆದ ಮಜ್ಜಿಗೆ, ಉಪ್ಪು. ಮೇಲೆ ತುಪ್ಪದಲ್ಲಿ ಸಾಸಿವೆ, ಒಂದು ಒಣಮೆಣಸಿನಕಾಯಿಯ ಒಗ್ಗರಣೆ. ಮತ್ತೆ ಬಿಸಿ ಮಾಡುವಂತಿಲ್ಲ, ಮಾಡಿದರೆ ಒಡೆಯುತ್ತದೆ. ಮೇ ತಿಂಗಳ ಹ್ಯೂಸ್ಟನ್ ಸೆಕೆಗೆ ಇದನ್ನು ತಣ್ಣಗೆ ಲೋಟದಲ್ಲಿ ಕುಡಿದರೂ ಆದೀತು. ಪಲ್ಯ ಮುಟ್ಟದ ಮಕ್ಕಳೂ ತಂಬುಳಿ ಕುಡಿದದ್ದನ್ನು ನಾನು ಕಂಡಿದ್ದೇನೆ.

ಉಳಿದ ಅಡುಗೆಗಳನ್ನು ಬೇಗ ಹೇಳಿಬಿಡುತ್ತೇನೆ. ಕೋಸಂಬರಿಗೆ ಎಳೆಯ ದಂಟನ್ನು ಹಸಿಯಾಗಿಯೇ ಎಷ್ಟು ತೆಳ್ಳಗಾಗುತ್ತದೋ ಅಷ್ಟು ತೆಳ್ಳಗೆ ಓರೆಯಾಗಿ ಹೆಚ್ಚಿ ನೆನೆದ ಹೆಸರುಬೇಳೆಗೆ ಬೆರೆಸಬೇಕು, ಉಪ್ಪು ಬಡಿಸುವ ಹೊತ್ತಿಗೆ. ಹುಳಿಗೆ ಹಾಕುವುದಾದರೆ ಬೇಳೆ, ಹುಣಿಸೆಹಣ್ಣಿನ ರಸ, ಹುಳಿಪುಡಿ ಎಲ್ಲ ಕುದಿದ ಮೇಲೆ ಕೊನೆಯ ನಾಲ್ಕು ನಿಮಿಷಕ್ಕೆ ಹಾಕಿ. ಬೇಳೆಯ ಜೊತೆ ಮಾತ್ರ ಬೇಡ, ನನ್ನ ಕಥೆ ಗೊತ್ತಲ್ಲ. ಅಕ್ಕಿ ರೊಟ್ಟಿಗೆ ಈರುಳ್ಳಿ, ಸಬ್ಬಸಿಗೆ ಸೊಪ್ಪಿನ ಜೊತೆ ಸಣ್ಣಗೆ ಕೊಚ್ಚಿ ಕಲಸಿದರೆ ಮಕ್ಕಳ ಲಂಚ್ ಬಾಕ್ಸಿಗೆ ಒಳ್ಳೆಯದು. ಮಗಳ ಡಬ್ಬಿ ನೋಡಿ ಪಕ್ಕದಲ್ಲಿ ಕೂತ ಹುಡುಗಿ "ಅದರಲ್ಲಿ ಹಸಿರು ಏನು?" ಎಂದಳಂತೆ. "ಆಸ್ಪರಾಗಸ್" ಎಂದ ಕೂಡಲೇ "ಓ, ನಮ್ಮನೇಲೂ ಮಾಡ್ತಾರೆ" ಎಂದಳಂತೆ. ಡಬ್ಬಿಯ ಬಗ್ಗೆ ಅಷ್ಟು ಸುಲಭವಾಗಿ ಮುಗಿದ ಮಾತುಕತೆ ಅದೇ ಮೊದಲು ಎಂದು ಮಗಳು ಮನೆಗೆ ಬಂದು ಹೇಳಿದಳು. ಅಂಗಡಿಯಲ್ಲಿ ಕೆಲವೊಮ್ಮೆ ಬಿಳಿಯ ಆಸ್ಪರಾಗಸ್ ಕಂಡರೆ ಬೇರೆ ಜಾತಿ ಎಂದುಕೊಳ್ಳಬೇಡಿ, ಅದೇ ಗಿಡಕ್ಕೆ ಮಣ್ಣು ಏರಿಸಿ ಬಿಸಿಲು ತಾಕದಂತೆ ಬೆಳೆಸಿರುತ್ತಾರೆ. ಜರ್ಮನಿಯವರಿಗೆ ಅದರ ಮೇಲೆ ಪ್ರಾಣ. ನಮ್ಮ ಪಲ್ಯಕ್ಕೆ ಹಸಿರೇ ಸರಿ.

ಮಕ್ಕಳೇ, ಇನ್ನೊಂದು ಗುಟ್ಟಿದೆ, ಊಟದ ಹೊತ್ತಿನಲ್ಲಿ ಹೇಳುವಂಥದ್ದಲ್ಲ. ಆಸ್ಪರಾಗಸ್ ತಿಂದ ಮೇಲೆ ಬಚ್ಚಲಿಗೆ ಹೋದಾಗ ಮೂತ್ರಕ್ಕೆ ವಿಚಿತ್ರ ವಾಸನೆ ಬರಬಹುದು. ಹೆದರಬೇಡಿ. ಆಸ್ಪರಾಗಸಿಕ್ ಆಮ್ಲ ಎಂಬ ಗಂಧಕ ಇರುವ ವಸ್ತು ಅದರಲ್ಲಿದೆ. ನಮ್ಮ ಹೊಟ್ಟೆಯಲ್ಲಿ ಅದು ಒಡೆದು ಗಾಳಿಗೆ ಬೇಗ ಏಳುವ ಗಂಧಕದ ಅನಿಲಗಳಾಗುತ್ತದೆ. ಅಷ್ಟೇ ಕಾರಣ. ಬೆಂಜಮಿನ್ ಫ್ರಾಂಕ್ಲಿನ್ 1781ರಲ್ಲಿ ಬ್ರಸೆಲ್ಸ್‌ನ ಅಕಾಡೆಮಿಯನ್ನು ತಮಾಷೆ ಮಾಡಿ ಬರೆದ ಪತ್ರದಲ್ಲಿಯೂ ಈ ವಾಸನೆಯ ಪ್ರಸ್ತಾಪವಿದೆ. ಸ್ವಾರಸ್ಯವೆಂದರೆ ಈ ವಾಸನೆ ಎಲ್ಲರ ಮೂಗಿಗೂ ತಿಳಿಯುವುದಿಲ್ಲ. ಅದನ್ನು ಗ್ರಹಿಸುವ ಶಕ್ತಿ ಅಪ್ಪ ಅಮ್ಮನಿಂದ ಬರುವ ವಂಶವಾಹಿಗಳ ಮೇಲೆ ನಿಂತಿದೆ. ನಮ್ಮ ಮನೆಯಲ್ಲಿ ಇಬ್ಬರಿಗೆ ಗೊತ್ತಾಗುತ್ತದೆ, ಇಬ್ಬರಿಗೆ ಇಲ್ಲ. ಹೈಸ್ಕೂಲಿನಲ್ಲಿ ಬಯಾಲಜಿ ಓದುವವರಿಗೆ ಇನ್ನೊಂದು ಸಂಗತಿ. ಪ್ರೋಟೀನುಗಳ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲಿ ಮೊಟ್ಟಮೊದಲು ಬೇರ್ಪಡಿಸಿದ್ದು ಆಸ್ಪರಾಜೀನ್. 1806ರಲ್ಲಿ ಫ್ರಾನ್ಸಿನ ವೊಕ್ಲಾಂ ಮತ್ತು ರೊಬಿಕೆ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಈ ತರಕಾರಿಯ ರಸದಿಂದಲೇ ಅದನ್ನು ತೆಗೆದರು. ಹೆಸರು ಅಲ್ಲಿಂದಲೇ ಬಂದದ್ದು.

ಹಿರಿಯರಿಗೆ ಒಂದು ಮಾತು. ಇದರಲ್ಲಿ ಫೋಲೇಟ್ ಮತ್ತು ಕೆ ವಿಟಮಿನ್ ಚೆನ್ನಾಗಿವೆ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಕೆ ವಿಟಮಿನ್ ಇರುವ ತರಕಾರಿಯನ್ನು ಒಮ್ಮೆಲೇ ಹೆಚ್ಚಿಸಬಾರದು, ವೈದ್ಯರನ್ನು ಕೇಳಿ ತಿನ್ನಿ. ಊರಿನಿಂದ ಬಂದ ತಂದೆ ತಾಯಿಯರ ಮಾತ್ರೆಯ ಡಬ್ಬಿಯನ್ನು ಒಮ್ಮೆ ನೋಡಿಕೊಳ್ಳಿ.

ಹಿತ್ತಲಿದ್ದವರು ಬೆಳೆಯಬಹುದೇ ಎಂದು ಕೇಳುತ್ತೀರಿ. ಬೆಳೆಯಬಹುದು, ಆದರೆ ಊರು ನೋಡಿಕೊಂಡು. ನಮ್ಮ ಕರಿಬೇವಿನ ಗಿಡಕ್ಕೆ ಚಳಿ ಆಗುವುದಿಲ್ಲ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಹೊರಗೆ ಉಳಿದ ನಮ್ಮ ಗಿಡ ಕರಕಲಾಗಿ ಹೋಯಿತು. ಆಸ್ಪರಾಗಸ್ ಅದಕ್ಕೆ ಉಲ್ಟಾ. ಅದಕ್ಕೆ ಚಳಿಗಾಲದ ನಿದ್ದೆ ಬೇಕು. ಮೇಲಿನದೆಲ್ಲ ಒಣಗಿ, ನೆಲದೊಳಗಿನ ಬುಡ ವಿಶ್ರಾಂತಿ ತೆಗೆದುಕೊಂಡರೇ ವಸಂತದಲ್ಲಿ ದಪ್ಪ ಕುಡಿ ಬರುವುದು. ಹಾಗಾಗಿ ಡಲ್ಲಾಸ್ ಕಡೆಯವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಆಸ್ಟಿನ್ನಿನಲ್ಲಿ ಪರವಾಗಿಲ್ಲ. ಹ್ಯೂಸ್ಟನ್ನಿನ ಬೆಚ್ಚನೆಯ ಚಳಿಗಾಲ, ನೀರು ನಿಲ್ಲುವ ಜಿಗುಟು ಮಣ್ಣಿನಲ್ಲಿ ಕುಡಿಗಳು ಸಣಕಲಾಗುತ್ತವೆ. ಅಲ್ಲಿಯವರು ಏರಿಸಿದ ಮಡಿಯಲ್ಲಿ ಪ್ರಯತ್ನಿಸಬಹುದು, ಆಸೆ ಮಾತ್ರ ಸ್ವಲ್ಪ ಕಡಿಮೆ ಇಟ್ಟುಕೊಳ್ಳಲಿ.

ಜನವರಿ, ಫೆಬ್ರವರಿಯಲ್ಲಿ ನರ್ಸರಿಗಳಲ್ಲಿ ಇದರ ಬೇರುಗಡ್ಡೆ ಸಿಗುತ್ತದೆ. ಜೇಡದ ಹಾಗೆ ನಾಲ್ಕೂ ಕಡೆ ಬೇರು ಚಾಚಿಕೊಂಡಿರುತ್ತದೆ, ನಮ್ಮ ಹಲವು ಮಕ್ಕಳ ತಾಯಿಯೇ ನೋಡಿ. ಇಡೀ ದಿನ ಬಿಸಿಲು ಬೀಳುವ ಕಡೆ ಅರ್ಧ ಅಡಿ ಆಳದ ಕಾಲುವೆ ತೋಡಿ, ಕೊಳೆತ ಗೊಬ್ಬರ ಬೆರೆಸಿ, ಒಂದೂವರೆ ಅಡಿಗೊಂದರಂತೆ ಬೇರು ಹರಡಿ ಇಟ್ಟು, ಮೇಲೆ ಎರಡು ಇಂಚು ಮಣ್ಣು ಮುಚ್ಚಿ. ಕುಡಿ ಎದ್ದಂತೆ ಉಳಿದ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿ. ಮೊದಲ ವರ್ಷ ಒಂದು ಕುಡಿಯನ್ನೂ ಮುರಿಯಬಾರದು. ಮಕ್ಕಳಿಗೆ ಇದು ಕಷ್ಟ, ಕಾವಲು ಬೇಕಾಗುತ್ತದೆ. ಬಿಟ್ಟ ಕುಡಿ ಆಳೆತ್ತರಕ್ಕೆ ಬೆಳೆದು, ಹೂಗುಚ್ಛದಲ್ಲಿ ಗುಲಾಬಿಯ ಹಿಂದೆ ಇಡುವ ಹಸಿರಿನಂತೆ ಜೂಲುಜೂಲಾಗಿ ಹರಡುತ್ತದೆ. ಬೇಸಿಗೆಯಿಡೀ ಆ ಹಸಿರು ಬಿಸಿಲು ಕುಡಿದು ಬೇರಿಗೆ ಆಹಾರ ಕಳುಹಿಸಿದರೇ ಮುಂದಿನ ವಸಂತಕ್ಕೆ ಫಸಲು. ಕೆಲವು ಗಿಡಗಳಲ್ಲಿ ಕೆಂಪು ಹಣ್ಣು ಬರುತ್ತದೆ. ನೋಡಲು ಚೆಂದ, ತಿನ್ನಬಾರದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಿತ್ತು ಹಾಕಿಬಿಡಿ. ಎರಡನೆಯ ವರ್ಷ ಒಂದೆರಡು ವಾರ ಮುರಿಯಬಹುದು. ಮೂರನೆಯ ವರ್ಷದಿಂದ ಆರೇಳು ವಾರ. ಬರುವ ಕುಡಿ ಪೆನ್ಸಿಲ್‌ಗಿಂತ ತೆಳ್ಳಗಾದಾಗ ನಿಲ್ಲಿಸಬೇಕು. ಹೀಗೆ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಅದೇ ಜಾಗದಲ್ಲಿ ಬರುತ್ತಲೇ ಇರುತ್ತದೆ.

ನಾವು ಮೊನ್ನೆ ಜನವರಿಯಲ್ಲಿ ಹಿತ್ತಲ ಬೇಲಿಯ ಪಕ್ಕ ಹತ್ತು ಬೇರು ನೆಟ್ಟೆವು. ಅತ್ತೆಯವರು ಊರಿಗೆ ಮರಳಿದ್ದಾರೆ. ಪ್ರತಿ ಶನಿವಾರ ಫೋನಿನಲ್ಲಿ ಮೊಮ್ಮಗಳನ್ನು ಮೊದಲು ಕೇಳುವುದು, "ಕುಡಿ ಎಷ್ಟು ಬಂತೇ ಪುಟ್ಟಿ? ಮುರಿದಿಲ್ಲ ತಾನೇ?"